ರಜೆಯ ಮೇಲೆ ಹೋದ ಸಂಕ

ನಿಲ್ಕುಂದ
೧೨ ಏಪ್ರಿಲ್ ೨೦೨೫

ಮಾನ್ಯ ಶ್ರೀ ಮಧುಕೇಶ್ವರ ಅವರಿಗೆ ನಮಸ್ಕಾರಗಳು.

ನಾನು ಹುಚ್ಚ ನಾಯ್ಕರ ಮಗಳು ಕಾವ್ಯಶ್ರೀ. ನೀವು ಅಪ್ಪನಿಗೆ ಫೆಬ್ರವರಿಯಲ್ಲಿ ಬರೆದ ಪತ್ರ, ಮಾರ್ಚಿನಲ್ಲಿ ಬರೆದ ಪತ್ರ ಎರಡೂ ಬಂದಿವೆ. ಎರಡನೆಯದರ ಹೊರಮೈಯಲ್ಲೇ "ಯಾಕೋ, ಕೈ ಬಿದ್ದೈತೇನು?" ಎಂದು ಬರೆದಿದ್ದೀರಿ. ಅದಕ್ಕೆ ಉತ್ತರ ಕೊಡಬೇಕಾದವಳು ಈಗ ನಾನು.

ಅಪ್ಪ ಜನವರಿ ೨೮ರಂದು ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು, ನಮ್ಮ ಅಣ್ಣ ಸತೀಶನ ಪಿಕಪ್ ಗಾಡಿಯ ಹಿಂದಿನ ಹಲಗೆ ಸರಿಮಾಡುತ್ತ ಕುಳಿತಿದ್ದರು. ಹಾಗೇ ಗೋಡೆಗೆ ಒರಗಿದರು. ಹಲಗೆಯ ಕೆಲಸ ಮುಗಿದಿತ್ತು, ಉಳಿಯನ್ನು ಒರೆಸಿ ಪಕ್ಕಕ್ಕಿಟ್ಟಿದ್ದರು. ನಿಮಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಗೊತ್ತಿತ್ತು. ಬರೆಯೋಣವೆಂದರೆ ಇಷ್ಟು ದಿನ ಕೈ ಏಳಲಿಲ್ಲ. ಕ್ಷಮಿಸಬೇಕು.

ನಿಮ್ಮಿಂದ ಒಂದು ಸಹಾಯ ಬೇಕು. ನಮ್ಮದೂ ಸೇರಿ ಏಳು ಮನೆ ಹಳ್ಳದ ಈಚೆಗಿವೆ. ಬಸ್ಸಿನ ರಸ್ತೆ, ಶಾಲೆ, ನಾನು ಕೆಲಸ ಮಾಡುವ ಅಂಗನವಾಡಿ ಎಲ್ಲವೂ ಆಚೆಗೆ. ನಾನು ಒಂಬತ್ತು ವರ್ಷದವಳಿದ್ದಾಗ ನನ್ನ ಪಾಟಿಚೀಲವನ್ನು ಹಳ್ಳ ಒಯ್ದಿತು. ಅಪ್ಪ ಆಗಷ್ಟೇ ಸೇನೆಯ ಸೇತುವೆ ಕಟ್ಟುವ ಪಲ್ಟನ್ನಿನಿಂದ ನಿವೃತ್ತರಾಗಿ ಬಂದಿದ್ದರು. ಮರುದಿನದಿಂದ ಮರ ಕೊಯ್ಯಲು ಶುರುಮಾಡಿದರು. ಹೀಗೆ ಆದದ್ದು ನಮ್ಮ ಸಂಕ, ಮರದ ಕಾಲುಸೇತುವೆ. ಇಪ್ಪತ್ತೆರಡು ಮಳೆಗಾಲ ಅದರ ಮೇಲೆ ದಾಟಿದ್ದೇವೆ.

ದಡದಿಂದ ದಡಕ್ಕೆ ಎರಡು ತೊಲೆ. ಅವು ಯಾವಾಗಲೂ ಅಲ್ಲೇ ಇರುತ್ತವೆ. ಮೇಲೆ ಕೂರಿಸುವುದಕ್ಕೆ ಹಲಗೆ ಜೋಡಿಸಿ ಮಾಡಿದ ಎಂಟು ದೊಡ್ಡ ಮಣೆಗಳು. ಮೊಳೆ ಇಲ್ಲ. ಒಂದು ಮಣೆಯ ನಾಲಗೆ ಮುಂದಿನದರ ಬಾಯಿಗೆ ಹೋಗಿ ಕೂರುತ್ತದೆ, ಬದಿಗೆ ಬೆಣೆ ಬಡಿಯಬೇಕು. ದೀಪಾವಳಿಗೆ ನೀರು ಇಳಿದ ಮೇಲೆ ಅಪ್ಪ ಎಂಟನ್ನೂ ಬಿಚ್ಚಿ, ಗೇರೆಣ್ಣೆ ಹಚ್ಚಿ, ಕೊಟ್ಟಿಗೆಯಲ್ಲಿ ಒಟ್ಟುತ್ತಿದ್ದರು. "ದುಡಿದವರಿಗೆ ರಜೆ ಕೊಡ್ಬೇಕು" ಎನ್ನುತ್ತಿದ್ದರು. ಊರವರೂ "ಸಂಕ ರಜೆ ಮೇಲೆ ಹೋತು" ಎಂದೇ ಹೇಳುವುದು. ಮಳೆಗೆ ಮುಂಚೆ ಮತ್ತೆ ಅವರೇ ಜೋಡಿಸುತ್ತಿದ್ದರು.

ಈಗ ಒಟ್ಟಿದ ಕ್ರಮ ತಪ್ಪಿಹೋಗಿದೆ. ತೊಲೆಗಳು ನೆಟ್ಟಗಿಲ್ಲ, ಹಾಗಾಗಿ ಒಂದೊಂದು ಮಣೆಯನ್ನೂ ಅದರ ಜಾಗಕ್ಕೇ ಕೊರೆದಿದ್ದಾರೆ. ಅಡಿಯಲ್ಲಿ ಉಳಿಯಿಂದ ಗುರುತು ಕೆತ್ತಿದ್ದಾರೆ: ಬಾಚಣಿಗೆ, ಮೀಸೆ, ಕೊಳಲು, ವೀಳ್ಯದೆಲೆ, ಚಪ್ಪಲಿ, ಮೀನು, ಸೌಟು. ಎಂಟನೆಯದಕ್ಕೆ ಏನೂ ಇಲ್ಲ. ಯಾವುದರ ಮುಂದೆ ಯಾವುದೆಂದು ಅಮ್ಮನಿಗೂ ಗೊತ್ತಿಲ್ಲ. "ನಾನು ಕಟ್ಟಿದ ಒಂದೊಂದು ಸೇತುವೆಯಲ್ಲೂ ಮಧುಕೇಶ್ವರನ ಕೈ ಅದೆ" ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಜೂನಿನೊಳಗೆ ಸಂಕ ಏಳದಿದ್ದರೆ ಮಕ್ಕಳು ಆರು ಕಿಲೋಮೀಟರ್ ಸುತ್ತಬೇಕು.

ಇತಿ ನಮಸ್ಕಾರಗಳೊಂದಿಗೆ,
ಕಾವ್ಯಶ್ರೀ


ಬನವಾಸಿ
೨೨ ಏಪ್ರಿಲ್ ೨೦೨೫

ಚಿ. ಕಾವ್ಯಶ್ರೀಗೆ ಮಧುಕೇಶ್ವರ ಕಾಕಾನ ಆಶೀರ್ವಾದಗಳು.

ಮಾನ್ಯ, ಶ್ರೀ ಎಂದೆಲ್ಲ ಬರೆಯಬೇಡ ತಂಗಿ. ಆ ಪದಗಳನ್ನು ಓದಿ ಇದು ಯಾವುದೋ ಬ್ಯಾಂಕಿನ ನೋಟೀಸು ಎಂದುಕೊಂಡೆ. ಕಾಕಾ ಅನ್ನು.

ನಿನ್ನ ಪತ್ರ ಓದಿ ಹಿತ್ತಲಿಗೆ ಹೋಗಿ ಕೂತೆ. ನನ್ನ ಮನೆಯವಳು ಗಂಗಾಂಬಿಕಾ ಎರಡು ಸಲ ಊಟಕ್ಕೆ ಕರೆದಳಂತೆ. ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಏಳುತ್ತಿರಲಿಲ್ಲ. ನಿಮ್ಮಪ್ಪ ನನಗಿಂತ ಎರಡು ವರ್ಷ ಚಿಕ್ಕವ. ಪಲ್ಟನ್ನಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಹಿಮದಲ್ಲಿ ಕೂತು ಹಲಸಿನ ಹಪ್ಪಳದ ವಿಷಯ ಮಾತಾಡಿದರೆ ಬೇರೆಯವರು ನಾವು ಯುದ್ಧದ ಗುಟ್ಟು ಆಡುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು.

ನಿಮ್ಮ ಮನೆತನದಲ್ಲಿ ಮರಗೆಲಸ ಇರಲಿಲ್ಲ, ಗೊತ್ತಲ್ಲ? ಭರ್ತಿಯಾದಾಗ ಅವನಿಗೆ ಗರಗಸ ಹಿಡಿಯಲೂ ಬರುತ್ತಿರಲಿಲ್ಲ. ಐದೇ ವರ್ಷದಲ್ಲಿ ಸಾಹೇಬರು ಮರ ತಟ್ಟಿ ನೋಡುವುದಕ್ಕೆ ಅವನನ್ನು ಕರೆಯುತ್ತಿದ್ದರು. ಆಮೇಲೆ ಸಿದ್ದಾಪುರದ ಅರ್ಧ ಬಾಗಿಲು, ಯಲ್ಲಾಪುರದ ಯಾವುದೋ ಶಾಲೆಯ ಬೆಂಚು, ಎಲ್ಲ ಅವನದೇ ಎಂದು ಬರೆಯುತ್ತಿದ್ದ. ನೀನು ಹುಟ್ಟಿದಾಗ ರಜೆಗೆ ಬಂದು ತೊಟ್ಟಿಲು ಮಾಡಿದ. ಮರಳಿ ಬಂದವನು ತಿಂಗಳಪೂರ್ತಿ ತೊಟ್ಟಿಲಿನ ಸುದ್ದಿಯನ್ನೇ ಹೇಳಿದ. ಮಗಳ ಸುದ್ದಿ ಕೇಳಿದರೆ "ಅದರೊಳಗ ಇದಾಳ" ಎಂದ.

ಇನ್ನು ಸಂಕ. ಅದೇನು ದೊಡ್ಡ ಮಾತು! ಆ ಗುರುತುಗಳು ನಮ್ಮ ತುಕಡಿಯ ಹುಡುಗರು. ತಲೆಯಲ್ಲಿ ಒಂದು ಕೂದಲಿಲ್ಲದೆ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡವ ಬೆಳಗಾವಿಯ ಮರಾಠಿಯವ. ಮೀಸೆ ನಮ್ಮ ಹವಾಲ್ದಾರ. ಕೊಳಲು ಸಾತಾರದವ. ಎಲೆ ತಿನ್ನುವವ ಒಬ್ಬ, ಹೊಳೆಯಲ್ಲಿ ಒಂದು ಚಪ್ಪಲಿ ಕಳಕೊಂಡವ ಒಬ್ಬ. ಮೀನು ರತ್ನಾಗಿರಿಯವ. ಸೌಟು ನಿಮ್ಮಪ್ಪನೇ, ಅವನಿಗೆ ಊಟದ ಮೇಲೆ ಬಹಳ ಪ್ರೀತಿ. ಗುರುತಿಲ್ಲದ್ದು ನಾನು ಇರಬೇಕು.

ನಮ್ಮೆಂಟು ಜನರ ಫೋಟೊ ನನ್ನ ಗೋಡೆಯ ಮೇಲಿದೆ. ನಡುವೆ ಬೆಣೆ ಬಡಿಯುವ ಕೊಡತಿ ಹಿಡಿದು ನಿಂತವನೇ ನಾನು. ಅದೇ ಸಾಲಿನಲ್ಲಿ ಕೂರಿಸಿದರಾಯಿತು. ನಿಮ್ಮ ದಡದಿಂದ: ಚಪ್ಪಲಿ, ಎಲೆ, ಮೀಸೆ, ಗುರುತಿಲ್ಲದ್ದು, ಸೌಟು, ಮೀನು, ಕೊಳಲು, ಬಾಚಣಿಗೆ. ಬೆಣೆ ಬಿಗಿಯಾಗಿ ಬಡಿಯಲಿ. ನಾವು ಎಷ್ಟು ಸೇತುವೆ ಕಟ್ಟಿದ್ದೇವೆ, ಲೆಕ್ಕವಿಲ್ಲ.

ನಿಮ್ಮಮ್ಮ ಮಂಜಿ ವೈನಿಗೆ ನನ್ನ ಶರಣು ಹೇಳು.

ಕಾಕಾ


ನಿಲ್ಕುಂದ
೯ ಮೇ ೨೦೨೫

ಕಾಕಾ ಅವರಿಗೆ ನಮಸ್ಕಾರ.

ನೀವು ಬರೆದ ಗುರುತುಗಳ ಕಥೆಯನ್ನು ಅಮ್ಮನಿಗೆ ಮೂರು ಸಲ ಓದಿದೆ. ಇಪ್ಪತ್ತೆರಡು ವರ್ಷ ನಾವು ಅಷ್ಟು ಜನರ ಬೆನ್ನ ಮೇಲೆ ದಾಟಿದ್ದೇವೆ ಎಂದು ಗೊತ್ತೇ ಇರಲಿಲ್ಲ. ಆದರೆ ಸೌಟಿನ ಮಾತಿಗೆ ಅಮ್ಮ ನಕ್ಕಳು. "ನಿನ್ನ ಅಪ್ಪಂಗೆ ಊಟದ ಮೇಲೆ ಪ್ರೀತಿಯಾ? ಎದುರಿಗೆ ಅನ್ನ ಬಳಸಿಟ್ರೆ ತಣ್ಣಗಾದ ಮೇಲೆ ಬರ್ತಿದ್ದ ಮನ್ಷ!" ಎಂದಳು.

ಭಾನುವಾರ ಏಳು ಮನೆಯವರೂ ಸೇರಿ ಕೆಲಸಕ್ಕೆ ಇಳಿದೆವು. ಚಪ್ಪಲಿ ಕೂತ ಹಾಗೆ ಕಂಡಿತು. ಎಲೆಯೂ ಅರ್ಧ ಕೂತಿತು. ಕಾಕಾ, ಇವು ಎಲ್ಲವೂ ಎಲ್ಲದಕ್ಕೂ ಅರ್ಧ ಕೂಡುತ್ತವೆ, ಅದೇ ತೊಂದರೆ. ಮೀನಿನ ತನಕ ಹೇಗೋ ಎಳೆದು ತಂದೆವು. ಅಲ್ಲಿ ಸತೀಶಣ್ಣ ಜೋರಾಗಿ ಬಡಿದ. ಮೀನಿನ ನಾಲಗೆ ಸೀಳಿತು.

ಅಮ್ಮ ದಡದಲ್ಲಿ ಕೂತಿದ್ದವಳು ಎದ್ದು ಬಂದು ಅಣ್ಣನ ಕೈಯಿಂದ ಕೊಡತಿ ಕಸಿದುಕೊಂಡಳು. "ಗೊತ್ತಿದ್ದವ್ರು ಬರೂವರೆಗೂ ಇನ್ನು ಯಾರೂ ಇದ್ನ ಮುಟ್ಬೇಡಿ" ಎಂದಳು. ಎಂಟೂ ಮತ್ತೆ ಕೊಟ್ಟಿಗೆಗೆ ಬಂದವು.

ನೀವೇ ಒಮ್ಮೆ ಬರಬಹುದೇ? ಅಣ್ಣ ಗಾಡಿ ತಂದು ಕರೆದುಕೊಂಡು ಬರುತ್ತಾನೆ. ನೀವು ದಡದ ಮೇಲೆ ನಿಂತು ಬೆರಳು ತೋರಿಸಿದರೆ ಸಾಕು.

ಕಾವ್ಯಶ್ರೀ


ಬನವಾಸಿ
೧೪ ಮೇ ೨೦೨೫

ಚಿ. ಕಾವ್ಯಶ್ರೀಗೆ ಆಶೀರ್ವಾದ.

ಬರಲು ಆಗುವುದಿಲ್ಲ. ಶುಂಠಿ ಬಿತ್ತನೆ ಇದೆ. ಅನಾನಸು ಕೊಯ್ಯುವವರು ಯಾವ ದಿನ ಬರುತ್ತಾರೋ ಹೇಳಲಾಗದು. ಮೊಣಕಾಲೂ ಸರಿಯಿಲ್ಲ.

ಕ್ರಮ ಸರಿಯಾಗಿಯೇ ಇದೆ. ನೀವು ಬೆಣೆ ಬಡಿದದ್ದು ತಪ್ಪಿರಬೇಕು. ಸತೀಶನಿಗೆ ಮರದ ಸೂಕ್ಷ್ಮ ಗೊತ್ತಿಲ್ಲವಲ್ಲ. ಇನ್ನೊಮ್ಮೆ ನಿಧಾನವಾಗಿ ಮಾಡಿ ನೋಡಿ.

ಕಾಕಾ


ನಿಲ್ಕುಂದ
೨೦ ಮೇ ೨೦೨೫

ಮಾನ್ಯರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಅಣ್ಣನಿಗೆ ಮರದ ಸೂಕ್ಷ್ಮ ಗೊತ್ತಿಲ್ಲ, ಸರಿ. ತಪ್ಪು ಅವನದಲ್ಲ, ನನ್ನದು. ಮೊದಲ ಪತ್ರದಲ್ಲಿ "ಕ್ರಮ ತಪ್ಪಿಹೋಗಿದೆ" ಎಂದಷ್ಟೇ ಬರೆದಿದ್ದೆ. ಹೇಗೆ ತಪ್ಪಿತು ಎಂದು ಬರೆಯಲು ನಾಚಿಕೆಯಾಗಿತ್ತು.

ಅಪ್ಪನ ಹನ್ನೆರಡನೆಯ ದಿನ ಎಣಿಸಿದ್ದಕ್ಕಿಂತ ಎರಡು ಪಟ್ಟು ಜನ ಬಂದರು. ಬಾಗಿಲು ಮಾಡಿಸಿಕೊಂಡವರು, ತೊಟ್ಟಿಲು ಮಾಡಿಸಿಕೊಂಡವರು, ಯಲ್ಲಾಪುರದಿಂದ ಒಂದು ಟೆಂಪೊ ಮಾಡಿಕೊಂಡು ಬಂದವರು. ಮುದುಕರನ್ನು ಎಲ್ಲಿ ಕೂರಿಸುವುದು? ಕೊಟ್ಟಿಗೆಯಲ್ಲಿ ಅಷ್ಟು ಅಗಲದ ಮಣೆಗಳು ಕಂಡವು. "ಇಟ್ಟಿಗೆ ಮೇಲೆ ಇಟ್ರೆ ಬೆಂಚು ಆಗ್ತದೆ, ತನ್ನಿ" ಎಂದವಳು ನಾನೇ. ಊಟ ಮುಗಿದ ಮೇಲೆ ಯಾರು ಯಾವುದನ್ನು ಎಲ್ಲಿ ಒಟ್ಟಿದರೋ. ಅಪ್ಪ ಮುಂದಿನ ಮಳೆಗಾಲಕ್ಕೆಂದು ಸಾಲಾಗಿ ಇಟ್ಟು ಹೋದದ್ದನ್ನು ಹನ್ನೆರಡು ದಿನವೂ ಉಳಿಸಿಕೊಳ್ಳಲು ನನಗೆ ಬರಲಿಲ್ಲ. ಅಮ್ಮನಿಗೆ ಇದು ಗೊತ್ತು.

ಮುಂದಿನ ವಾರ ಊರವರು ಬಿದಿರು ಹಾಕಿ ಈ ವರ್ಷದ ಮಟ್ಟಿಗೆ ಸಂಕ ಮಾಡುತ್ತಾರೆ. ಮಣೆಗಳಿಂದ ಕೊಟ್ಟಿಗೆಗೆ ಬಾಗಿಲು ಮಾಡಿಸೋಣ ಎಂದು ಅಣ್ಣ ಹೇಳುತ್ತಿದ್ದಾನೆ. ಜೂನ್ ಒಂದರವರೆಗೆ ಕಾಯಲು ಹೇಳಿದ್ದೇನೆ, ಯಾಕೆಂದು ನನಗೂ ಗೊತ್ತಿಲ್ಲ.

ನಿಮಗೆ ತೊಂದರೆ ಕೊಟ್ಟೆ. ಕ್ಷಮಿಸಿ.

ಕಾವ್ಯಶ್ರೀ


ಬನವಾಸಿ
೨೩ ಮೇ ೨೦೨೫

ಮಗಳೇ ಕಾವ್ಯಶ್ರೀ,

ಈ ಪತ್ರ ಓದಿ ಮುಗಿಸುವವರೆಗೆ ಆ ಮಣೆಗಳಿಗೆ ಯಾರೂ ಗರಗಸ ಇಡಬಾರದು. ಮೊದಲು ಅಣ್ಣನಿಗೆ ಹೋಗಿ ಹೇಳಿ ಬಾ. ಹೇಳಿದೆಯಾ? ಈಗ ಓದು.

ನೀನು ಮತ್ತೆ "ಮಾನ್ಯರಿಗೆ" ಎಂದು ಬರೆದೆ. ಆ ಪದವನ್ನೇ ನೋಡುತ್ತ ಕೂತಿದ್ದೆ. ಗಂಗಾಂಬಿಕಾ ಬಂದು ಪತ್ರ ಓದಿದಳು. ನನಗೆ ಕೇಳಿಸಲೆಂದು ಅವಳು ಎಷ್ಟು ಜೋರಾಗಿ ಮಾತಾಡುತ್ತಾಳೆಂದರೆ, ನಮ್ಮ ಮನೆಯಲ್ಲಿ ಗುಟ್ಟು ಎನ್ನುವುದೇ ಇಲ್ಲ. "ಆ ಹುಡುಗಿ ತನ್ನ ತಪ್ಪ ತಾನ ಬರದಾಳ. ನೀವು ಯಾವಾಗ ಬರೀತೀರಿ? ನಾ ಅಡಗಿ ಮಾಡತಿದ್ದೆ ಅಂತ ಬರೀರಿ!" ಎಂದು ಕೂಗಿದಳು. ಎದುರಿನ ಹೋಟೆಲಿನ ನಾಗಪ್ಪ ಚಹಾ ಸೋಸುವುದನ್ನು ಬಿಟ್ಟು ನಮ್ಮ ಕಿಟಕಿಯ ಕಡೆ ನೋಡಿದ.

ಹೌದು ಮಗಳೇ. ನಾನು ಪಲ್ಟನ್ನಿನ ಅಡುಗೆಯವ. ಇಪ್ಪತ್ತು ವರ್ಷ ಲಂಗರಿನಲ್ಲಿ, ಅಂದರೆ ಪಲ್ಟನ್ನಿನ ಅಡುಗೆಮನೆಯಲ್ಲಿ, ಚಪಾತಿ ಸುಟ್ಟವ. ಒಂದು ಬೆಣೆಯನ್ನೂ ಬಡಿದವನಲ್ಲ. ಫೋಟೊದಲ್ಲಿ ನನ್ನ ಕೈಯಲ್ಲಿರುವ ಕೊಡತಿ ನಿಮ್ಮಪ್ಪನದು, "ಹಿಡ್ಕ, ಚಂದ ಕಾಣ್ತಿ" ಎಂದು ಕೊಟ್ಟಿದ್ದ. ಫೋಟೊದವನು ಎತ್ತರ ನೋಡಿ ನಿಲ್ಲಿಸಿದ್ದನೇ ಹೊರತು ಆ ಸಾಲಿಗೂ ಸೇತುವೆಗೂ ಸಂಬಂಧವಿಲ್ಲ. ಕಿವಿ ಹೋದದ್ದು ಸಿಡಿಮದ್ದಿಗೆ ಎಂದು ಊರಲ್ಲಿ ಹೇಳಿದ್ದೇನೆ. ಅದೂ ಸುಳ್ಳು. ಸೀಮೆಎಣ್ಣೆಯ ದೊಡ್ಡ ಒಲೆ ಇಪ್ಪತ್ತು ವರ್ಷ ಕಿವಿಯ ಪಕ್ಕ ಗುರ್ರೆಂದದ್ದಕ್ಕೆ ಹೋಯಿತು.

ಒಮ್ಮೆ ನಿಮ್ಮಪ್ಪ ಬನವಾಸಿಗೆ ಬಂದಿದ್ದ. ನಾಗಪ್ಪನ ಹೋಟೆಲಿನಲ್ಲಿ ಹತ್ತು ಜನರ ಎದುರು ನಾನು, "ಸೇತುವೆ ಕಟ್ಟೋದು ನಂದು, ಇಂವ ನನಗ ಬೆಣಿ ಕೊಡತಿದ್ದ" ಎಂದುಬಿಟ್ಟೆ. ಬಾಯಿಗೆ ಬಂದ ಮೇಲೆ ನುಂಗುವುದು ಹೇಗೆ? ನಿಮ್ಮಪ್ಪ ಚಹಾದ ಲೋಟ ಕೆಳಗಿಟ್ಟು, "ಹೌದು, ಇವರ ಕೈ ಇಲ್ದೆ ಒಂದು ಸೇತುವೆನೂ ಎದ್ದಿಲ್ಲ" ಎಂದ. ನನ್ನ ಮಾನ ಉಳಿಸಲು ಹೇಳಿದ ಎಂದುಕೊಂಡಿದ್ದೆ. ಮನೆಯಲ್ಲಿ ನಿಮಗೂ ಅದನ್ನೇ ಹೇಳುತ್ತಿದ್ದ ಎಂದು ಗೊತ್ತಾದದ್ದು ನಿನ್ನ ಪತ್ರದಿಂದ.

ನಾನು ಅಲ್ಲಿಗೆ ಬಂದು ದಡದ ಮೇಲೆ ನಿಂತರೆ ಬೆರಳು ಯಾವ ಕಡೆ ತೋರಿಸಲಿ? ಅದಕ್ಕೇ ಶುಂಠಿ, ಅನಾನಸು, ಮೊಣಕಾಲು ಎಲ್ಲ ಬಂದವು. ಮೀನಿನ ನಾಲಗೆ ಸೀಳಿದ್ದು ಸತೀಶನಲ್ಲ, ನಾನು.

ನಿನ್ನೆ ಒಲೆಯ ಮುಂದೆ ಕೂತಿದ್ದಾಗ ಹೊಳೆಯಿತು. ಸೇತುವೆ ನನಗೆ ಗೊತ್ತಿಲ್ಲ. ಊಟದ ಸಾಲು ಗೊತ್ತು! ನಮ್ಮ ಹವಾಲ್ದಾರನದು ಒಂದು ನಿಯಮವಿತ್ತು: ಕೆಲಸಕ್ಕೆ ನಿಂತ ಸಾಲಿನಲ್ಲೇ ಊಟಕ್ಕೆ ಬರಬೇಕು, ನುಗ್ಗಬಾರದು. ಸಾವಿರ ಸಲ ಬಡಿಸಿದ್ದೇನೆ. ಕಣ್ಣು ಮುಚ್ಚಿದರೆ ತಟ್ಟೆ ಹಿಡಿದ ಕೈಗಳು ಒಂದರ ಹಿಂದೊಂದು ಬರುತ್ತವೆ. ಮೊದಲು ಮೀಸೆ. ಅವನ ಹಿಂದೆ ಬಾಚಣಿಗೆ. ಆಮೇಲೆ ಮೀನು, ಚಪಾತಿ ನೋಡಿ ಮುಖ ಹುಳಿ ಮಾಡುತ್ತಿದ್ದವ. ಆಮೇಲೆ ಚಪ್ಪಲಿ, ಕೊಳಲು, ಎಲೆ.

ಎಲ್ಲರಿಗಿಂತ ಕೊನೆಗೆ ನಿಮ್ಮಪ್ಪ. ಯಾವಾಗಲೂ ಕೊನೆಗೆ. ಎಲ್ಲರೂ ಇಳಿದು ಬಂದ ಮೇಲೆ ಒಂದೊಂದು ಬೆಣೆಯನ್ನೂ ಮುಟ್ಟಿ ನೋಡಿ ಬರುತ್ತಿದ್ದ. ತಟ್ಟೆ ಚಾಚುವ ಮೊದಲು "ಎಲ್ಲರಿಗೂ ಆತಾ?" ಎಂದು ಕೇಳುತ್ತಿದ್ದ. ಅವನಿಗೆಂದು ನಾನು ಪಾತ್ರೆಯ ತಳದಲ್ಲಿ ಹತ್ತಿದ ಪಾಯಸ ಕೆರೆದು ಇಟ್ಟಿರುತ್ತಿದ್ದೆ. ಗುರುತಿಲ್ಲದ ಮಣೆ ಅವನದೇ. ಎಲ್ಲರ ಗುರುತು ಕೆತ್ತಿದವನು ತನ್ನದನ್ನು ಯಾಕೆ ಕೆತ್ತುತ್ತಾನೆ?

ಸೌಟು ನಾನು. ಅದರ ಜಾಗ ನನಗೆ ಗೊತ್ತಿಲ್ಲ. ನಾನು ಸಾಲಿನಲ್ಲಿ ನಿಂತವನಲ್ಲ, ಸಾಲಿನ ಎದುರು ನಿಂತವನು. ಎಲ್ಲಿ ಖಾಲಿ ಉಳಿಯುತ್ತದೋ ಅಲ್ಲಿ ತುರುಕಿರಿ.

ಬೆಂಚಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವನ ಮಣೆಯ ಮೇಲೆ ಕೂತು ಜನ ಉಂಡರಲ್ಲ, ಅವನಿದ್ದರೆ ಇಟ್ಟಿಗೆ ಅಲ್ಲಾಡದ ಹಾಗೆ ಕೆಳಗೆ ಮರದ ಚಕ್ಕೆ ಕೊಟ್ಟು ಹೋಗುತ್ತಿದ್ದ.

ಸುಳ್ಳು ಹೇಳಿದ ಕಾಕಾ


ನಿಲ್ಕುಂದ
೪ ಜೂನ್ ೨೦೨೫

ಪ್ರೀತಿಯ ಕಾಕಾ,

ಸಂಕ ಎದ್ದಿತು!

ನಿಮ್ಮ ಪತ್ರ ಬಂದದ್ದು ೨೯ಕ್ಕೆ, ಕಡಿದು ತಂದ ಬಿದಿರು ಇನ್ನೂ ದಡದಲ್ಲೇ ಬಿದ್ದಿತ್ತು. ಅಣ್ಣ ಅದನ್ನು ತಾನೇ ಓದಿ, ಅಪ್ಪನ ಪೆಟ್ಟಿಗೆ ತೆರೆದು ಉಳಿ ತೆಗೆದ. ಮೀನಿಗೆ ಹೊಸ ನಾಲಗೆ ಕೂರಿಸಲು ಎರಡು ದಿನ ತೆಗೆದುಕೊಂಡ. ಮೊದಲನೆಯದು ಹಾಳಾಯಿತು, ಎರಡನೆಯದೂ ಹಾಳಾಯಿತು. ಮೂರನೆಯದನ್ನು ಅಮ್ಮ ಬೆರಳಿಂದ ಸವರಿ ನೋಡಿ "ಹೂಂ" ಎಂದಳು. ಅಪ್ಪನ ಕೆಲಸಕ್ಕೂ ಅವಳು ಅಷ್ಟೇ ಹೇಳುತ್ತಿದ್ದದ್ದು. ಆಮೇಲೆ ಕೊಡತಿಯನ್ನು ಅಣ್ಣನ ಕೈಗೆ ಕೊಟ್ಟಳು.

ಈ ಸಲ ಆಚೆ ದಡದಿಂದ ಶುರುಮಾಡಿದೆವು, ಯಾಕೆಂದರೆ ಗುರುತಿಲ್ಲದ ಮಣೆಗೆ ಒಂದು ಕಡೆ ಮಾತ್ರ ಬಾಯಿ ಇದೆ, ಇನ್ನೊಂದು ಕಡೆ ಸಪಾಟು. ಅದು ಆಚೆ ದಡದ ಕಲ್ಲಿಗೆ ತಾಗಿ ಕೂರುವಂಥದ್ದು ಎಂದು ಅಣ್ಣ ಗುರುತಿಸಿದ. ಅದಕ್ಕೆ ಎಲೆ, ಎಲೆಗೆ ಕೊಳಲು. ಬಡಿಯಬೇಕೆಂದೇ ಇಲ್ಲ ಕಾಕಾ, ಕೈಯಿಂದ ಒತ್ತಿದರೆ ಟಕ್ ಎಂದು ಕೂತವು. ಚಪ್ಪಲಿ, ಮೀನು, ಬಾಚಣಿಗೆ, ಮೀಸೆ. ಉಳಿದದ್ದು ನಮ್ಮ ದಡದ ಮೊದಲ ಜಾಗ ಒಂದೇ. ಅಲ್ಲಿ ಸೌಟು ಕೂತಿತು. ತುರುಕಬೇಕಾಗಲಿಲ್ಲ. ನಮ್ಮ ಏಳು ಮನೆಯವರು ಎಲ್ಲಿಗೇ ಹೊರಡಲಿ, ಮೊದಲ ಹೆಜ್ಜೆ ಇಡುವುದು ನಿಮ್ಮ ಮೇಲೆ. ಊಟದ ಸಾಲು ನಿಮ್ಮಿಂದಲೇ ಶುರುವಾಗುತ್ತಿತ್ತಲ್ಲ? ಅಪ್ಪ ನಾಗಪ್ಪನ ಹೋಟೆಲಿನಲ್ಲಿ ಹೇಳಿದ್ದು ನಿಮ್ಮ ಮಾನ ಉಳಿಸಲು ಅಲ್ಲ. ಇಪ್ಪತ್ತೆರಡು ವರ್ಷದ ಹಿಂದೆಯೇ ಅದನ್ನು ಮರದಲ್ಲಿ ಕೆತ್ತಿಟ್ಟಿದ್ದ.

ಮೊದಲು ಅಮ್ಮ ದಾಟಿದಳು. ನಡುವೆ ನಿಂತು ಕಾಲಿನಿಂದ ಒಮ್ಮೆ ತಟ್ಟಿದಳು. ಆಚೆ ಹೋಗಿ ಗುರುತಿಲ್ಲದ ಮಣೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಕತ್ತಲಾಗುವ ತನಕ ಎಬ್ಬಿಸಲು ಆಗಲಿಲ್ಲ.

ನಾನು ಶಾಲೆಯಿಂದ ಬರುವಾಗ ಅಪ್ಪ ದಿನವೂ ಅದೇ ಜಾಗದಲ್ಲಿ ನಿಂತಿರುತ್ತಿದ್ದ. ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ಬರುತ್ತಿದ್ದ. ಬೆಣೆ ನೋಡಲು ನಿಂತಿದ್ದಾನೆ ಎಂದುಕೊಂಡಿದ್ದೆ.

ಸೋಮವಾರದಿಂದ ಮಕ್ಕಳು ದಾಟುತ್ತಿದ್ದಾರೆ. ಇಂದು ಹಳ್ಳಕ್ಕೆ ಕೆಂಪು ನೀರು ಬಂತು.

ನಿಮ್ಮ ಮಗಳು,
ಕಾವ್ಯಶ್ರೀ


ಬನವಾಸಿ
೧೨ ಜೂನ್ ೨೦೨೫

ಮಗಳೇ ಕಾವ್ಯಶ್ರೀ,

ಪತ್ರ ತಲುಪಿತು. ಗಂಗಾಂಬಿಕಾ ಅದನ್ನು ಕಟ್ಟೆಯ ಮೇಲೆ ನಿಂತು ನನಗೆ ಓದಿ ಹೇಳಿದಳು. ಅಂದರೆ ಇಡೀ ಕೇರಿಗೆ ಓದಿ ಹೇಳಿದಳು. ನನ್ನ ಸೇತುವೆಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಬಿದ್ದವು. ನಾಗಪ್ಪ ಬಂದು, "ಕಾಕಾ, ಇಪ್ಪತ್ತ ವರ್ಷ ನಿಮಗ ನನ್ನ ಉಪ್ಪಿಟ್ಟ ತಿನಿಸಿದ್ನಲ್ಲ, ಮೊದಲ ಹೇಳಬಾರದಿತ್ತೇನ್ರಿ? ಒಳಗ ಬಂದು ಮಾಡಿ ತೋರಸ್ರಿ" ಎಂದ. ಮಾಡಿ ತೋರಿಸಿದೆ. ಈಗ ವಾರಕ್ಕೊಮ್ಮೆ ಅವನ ಹೋಟೆಲಿನಲ್ಲಿ ನನ್ನ ಕೈಯಡುಗೆ. ಮರ್ಯಾದೆ ಮೊದಲಿಗಿಂತ ಜಾಸ್ತಿಯಾಗಿದೆ ಎಂದರೆ ನಂಬುತ್ತೀಯಾ?

ಫೋಟೊ ಗೋಡೆಯ ಮೇಲೇ ಇದೆ. ಕೊಡತಿ ಯಾರದು ಎಂದು ಕೇಳಿದವರಿಗೆಲ್ಲ ಈಗ ನಿಮ್ಮಪ್ಪನ ಕಥೆ ಹೇಳುತ್ತೇನೆ. ಸೇತುವೆಯ ಕಥೆಗಿಂತ ಅದು ಉದ್ದ, ಚಹಾ ಎರಡು ಸಲ ಬೇಕಾಗುತ್ತದೆ.

ದೀಪಾವಳಿಗೆ ಬರುತ್ತೇನೆ. ಮೊಣಕಾಲು ಗಟ್ಟಿಯಾಗಿಯೇ ಇದೆ. ಸಂಕಕ್ಕೆ ರಜೆ ಕೊಡುವ ದಿನ ಏಳು ಮನೆಗೂ ಅಡುಗೆ ನನ್ನದು. ಯಾರೂ ನುಗ್ಗಬಾರದು, ಸಾಲಾಗಿ ಬರಬೇಕು. ಸತೀಶನನ್ನು ಕೊನೆಗೆ ನಿಲ್ಲಿಸು. ಎಲ್ಲ ಬೆಣೆಯನ್ನೂ ಮುಟ್ಟಿ ನೋಡಿದ ಮೇಲೆ ಅವನು ತಟ್ಟೆ ತರಲಿ. ತಳದ ಪಾಯಸ ಅವನಿಗೆ.

ನಾನು ಬರುವವರೆಗೆ ಒಂದು ಮಣೆಯನ್ನೂ ಬಿಚ್ಚಬೇಡಿ. ನಾನು ಬಸ್ಸಿನ ರಸ್ತೆಯ ಕಡೆಯಿಂದ ತಾನೆ ಬರುವುದು? ಹಾಗಾದರೆ ಮೊದಲು ಸಿಗುವವನು ನಿಮ್ಮಪ್ಪ, ಕೊನೆಗೆ ನಾನು. ಅವನ ಮೇಲೆ ಚಪ್ಪಲಿ ಹಾಕಿಕೊಂಡು ಹತ್ತಲಾರೆ. ಆಚೆ ದಡದಲ್ಲೇ ಬಿಟ್ಟು ಬರಿಗಾಲಲ್ಲಿ ಬರುತ್ತೇನೆ. ಹಿಂದಿನಿಂದ ಅದನ್ನು ಎತ್ತಿಕೊಂಡು ಬರಲು ಯಾರಿಗಾದರೂ ಹೇಳಿಡು. ಹೊಸದು ತೆಗೆದುಕೊಂಡಿದ್ದೇನೆ, ಹಳ್ಳಕ್ಕೆ ಬೀಳಿಸಬೇಡಿ.

ನಿನ್ನ,
ಅಡುಗೆಯ ಕಾಕಾ